ಅಮೃತಮಹಲ್ ಕಾವಲಿನಲ್ಲಿ ಪೈಲಟ್ ಇಲ್ಲದ ವಿಮಾನ

2016ರ ನವೆಂಬರ್. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಿಂದ ಸುಮಾರು ಎರಡು ಟನ್ ತೂಕದ ವಿಮಾನವೊಂದು ಪೈಲಟ್ ಇಲ್ಲದೆ ಮೇಲೆದ್ದಿತು. ಅದು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿಆರ್‌ಡಿಒ) ರುಸ್ತುಂ-2; ತಪಸ್ ಎಂಬುದು ಅದರ ಇನ್ನೊಂದು ಹೆಸರು. ಕಟ್ಟಿದವರು ವಿಜ್ಞಾನಿಗಳು, ನೆಲದಲ್ಲಿ ಕೂತು ಹಾರಿಸಿದವರು ಸೇನಾಪಡೆಗಳ ಪೈಲಟ್‌ಗಳು.

ಇಂಥ ಕಾವಲುಗಳಿಗೆ ಸೇನೆಯ ನಂಟು ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು ಕಟ್ಟಿದ, ದನಗಳನ್ನು ನೋಡಿಕೊಳ್ಳುವ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದದ್ದು ಅಮೃತಮಹಲ್ ತಳಿಯ ಎತ್ತುಗಳು. ಅವುಗಳ ಮೇವಿಗೆ ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು.

ಮಾನವರಹಿತ ವಿಮಾನದ ಪರೀಕ್ಷೆಗೆ ಉದ್ದನೆಯ ರನ್‌ವೇ ಬೇಕು, ಅದಕ್ಕಿಂತ ಹೆಚ್ಚಾಗಿ ಬಿಡುವಾದ ಆಕಾಶ ಬೇಕು. ಬೆಂಗಳೂರಿನಲ್ಲಿ ಅದು ಸಿಗದು. ಮಳೆ ಕಡಿಮೆಯಿರುವ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಅದಿತ್ತು. ಸುಮಾರು 4,290 ಎಕರೆ ಡಿಆರ್‌ಡಿಒಗೆ ಸೇರಿತು. ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಆಸುಪಾಸಿನಲ್ಲೇ ಜಾಗ ಸಿಕ್ಕಿತು. ಗೋಮಾಳ ಕಳೆದುಕೊಂಡ ಕುರಿಗಾಹಿಗಳು, ಕಂಬಳಿ ನೇಕಾರರು ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಡಿಆರ್‌ಡಿಒದ ಈ ಪರೀಕ್ಷಾ ವಲಯವನ್ನು ಉದ್ಘಾಟಿಸಿದರು.

ಮುಂದಿನ ಹಾದಿ ಸಲೀಸಾಗಿರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ತಪಸ್ ಹೊಲಕ್ಕೆ ಬಿತ್ತು. 30,000 ಅಡಿ ಎತ್ತರದಲ್ಲಿ 24 ಗಂಟೆ ಹಾರಬೇಕೆಂಬ ಸೇನೆಯ ಅಪೇಕ್ಷೆಯನ್ನು ಅದು ಪೂರ್ತಿ ಮುಟ್ಟಲಿಲ್ಲ.

ಆದರೂ ಇಲ್ಲಿ ಗಳಿಸಿದ್ದು ದೊಡ್ಡದು. 2023ರ ಜೂನ್ 16ರಂದು ಇಲ್ಲಿಂದ ಹೊರಟ ತಪಸ್‌ನ ನಿಯಂತ್ರಣವನ್ನು ಕಾರವಾರದಾಚೆಯ ಕಡಲಿನಲ್ಲಿದ್ದ ನೌಕಾಪಡೆಯ ಹಡಗು ಐಎನ್‌ಎಸ್ ಸುಭದ್ರಾ ತೆಗೆದುಕೊಂಡಿತು. ಮೂರೂವರೆ ಗಂಟೆಯ ಹಾರಾಟದಲ್ಲಿ 40 ನಿಮಿಷ ವಿಮಾನ ನೌಕಾಪಡೆಯ ಕೈಯಲ್ಲಿತ್ತು. ಅದೇ ವರ್ಷ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಇಸ್ರೊದ ಮರುಬಳಕೆಯ ಬಾಹ್ಯಾಕಾಶ ನೌಕೆಯ ಮಾದರಿಯನ್ನು ಬಿಟ್ಟಿತು. ಅದು ತಾನೇ ದಾರಿ ಹಿಡಿದು ಡಿಆರ್‌ಡಿಒದ ಈ ರನ್‌ವೇಯಲ್ಲಿ ಇಳಿಯಿತು. ಇಸ್ರೊ, ವಾಯುಪಡೆ, ಡಿಆರ್‌ಡಿಒ: ಮೂರು ಸಂಸ್ಥೆಗಳು, ಮೂರು ಶಿಸ್ತು, ಒಂದೇ ಕೆಲಸ. ಯಂತ್ರ ಕಟ್ಟುವುದಕ್ಕಿಂತ ಕಷ್ಟವಾದದ್ದು ಈ ಹೊಂದಾಣಿಕೆ. ಬಳಸುವವರನ್ನು ಮೊದಲ ದಿನವೇ ಜೊತೆಗೆ ಕೂರಿಸಿಕೊಂಡದ್ದು, ಬಿದ್ದ ಮೇಲೂ ಮತ್ತೆ ಹಾರಿಸಿದ್ದು ನಿಜವಾದ ನಾಯಕತ್ವ.

ಆ ಹೊಂದಾಣಿಕೆ ಬೇಲಿಯ ಹೊರಗೂ ಬೇಕು. ಮೇವಿನ ನೆಲ ಬಿಟ್ಟುಕೊಟ್ಟ ಹಳ್ಳಿಗಳಿಗೆ ಪರ್ಯಾಯ ಹುಲ್ಲುಗಾವಲು, ಊರಿನ ಮಕ್ಕಳಿಗೆ ಈ ಸಂಸ್ಥೆಗಳಲ್ಲಿ ತರಬೇತಿ, ಕೆಲಸ ಸಿಗುವಂತೆ ಸರ್ಕಾರವೂ ಸಂಸ್ಥೆಗಳೂ ಈಗಲಾದರೂ ಒಟ್ಟಿಗೆ ಕೂತು ಯೋಜನೆ ಮಾಡಲಿ.