ದಾಸವಾಳದ ಸವರುವಿಕೆ: ಅದರ ಕಾರಣವೂ ಕ್ರಮವೂ

ಹಿತ್ತಿಲಿನ ದಾಸವಾಳವನ್ನು ಹಲವು ವರ್ಷ ಅದರ ಪಾಡಿಗೆ ಬಿಟ್ಟರೆ, ಅದು ಆಳೆತ್ತರವನ್ನು ಮೀರಿ ಬೆಳೆದು, ಬುಡದಲ್ಲಿ ಬರಿಯ ಕಟ್ಟಿಗೆಯಾಗಿ, ತುದಿಯಲ್ಲಿ ಮಾತ್ರ ಎಲೆ ಹೂಗಳನ್ನು ಉಳಿಸಿಕೊಳ್ಳುತ್ತದೆ. ಪೂಜೆಗೆ ಹೂ ಬೇಕಾದವರು ದೋಟಿ ಹಿಡಿಯಬೇಕಾಗುತ್ತದೆ. ಇಂಥ ಗಿಡವನ್ನು ಮುದಿಯಾಯಿತೆಂದು ಕಿತ್ತೆಸೆಯುವವರುಂಟು. ಒಂದೇ ದಿನದಲ್ಲಿ ಬುಡದವರೆಗೆ ಕಡಿದುಹಾಕುವವರೂ ಉಂಟು. ಇವೆರಡೂ ಅನಾವಶ್ಯಕವೆಂಬುದು ಸಸ್ಯದ ಬೆಳವಣಿಗೆಯ ನಿಯಮಗಳಿಂದಲೇ ವ್ಯಕ್ತವಾಗುತ್ತದೆ.

ಕೊಂಬೆಯ ತುದಿಮೊಗ್ಗು ಚುರುಕಾಗಿ ಬೆಳೆಯುತ್ತಿರುವವರೆಗೆ ಅದರ ಕೆಳಗಣ ಎಲೆಕಂಕುಳಿನ ಮೊಗ್ಗುಗಳು ಬಹುಮಟ್ಟಿಗೆ ಸುಪ್ತವಾಗಿರುತ್ತವೆ. ಇದಕ್ಕೆ ಅಗ್ರಪ್ರಾಬಲ್ಯವೆಂದು ಹೆಸರು. ತುದಿಯನ್ನು ಕತ್ತರಿಸಿದ ಗಾಯಕ್ಕೆ ಆಕ್ಸಿನ್ ಎಂಬ ಚೋದಕವನ್ನು ಲೇಪಿಸಿದರೆ ಪಾರ್ಶ್ವಮೊಗ್ಗುಗಳು ಚಿಗುರದೆ ಉಳಿಯುವುವೆಂದು ಥಿಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1930ರ ದಶಕದಲ್ಲಿ ತೋರಿಸಿದರು. ಸ್ಟ್ರೈಗೊಲ್ಯಾಕ್ಟೋನ್ ಎಂಬ ಮತ್ತೊಂದು ಬಗೆಯ ಚೋದಕವೂ ಕವಲೊಡೆಯುವುದನ್ನು ತಡೆಯುತ್ತದೆಂಬುದು 2008ರಲ್ಲಿ ತಿಳಿದುಬಂದಿತು. ತುದಿಯು ಸೆಳೆದುಕೊಳ್ಳುತ್ತಿದ್ದ ಸಕ್ಕರೆಯು ಪಾರ್ಶ್ವಮೊಗ್ಗುಗಳಿಗೆ ದೊರೆಯುವುದೇ ಅವುಗಳ ಮೊದಲ ಪ್ರಚೋದನೆಯೆಂದು 2014ರಲ್ಲಿ ಬಟಾಣಿ ಗಿಡದ ಮೇಲಣ ಪ್ರಯೋಗಗಳು ಸೂಚಿಸಿದುವು.

ದಾಸವಾಳವು ಹೂ ಬಿಡುವುದು ಹೊಸ ಚಿಗುರಿನ ಎಲೆಕಂಕುಳಲ್ಲಿ. ಆದುದರಿಂದ ಕೊಂಬೆಯನ್ನು ಸವರಿದಾಗ ಕೆಲವು ವಾರಗಳ ಹೂ ನಷ್ಟವಾದರೂ, ಚಿಗುರು ಹೆಚ್ಚಿದಂತೆ ಮುಂದೆ ಹೂವೂ ಹೆಚ್ಚುತ್ತದೆ. ಈ ಮಾತನ್ನು ಎಲ್ಲ ಪೊದೆಗಳಿಗೂ ಅನ್ವಯಿಸಲಾಗದು. ತಂಪು ಪ್ರದೇಶದ ತೋಟಗಳಲ್ಲಿ ಕಾಣುವ ದೊಡ್ಡೆಲೆಯ ಹೈಡ್ರೇಂಜಿಯವು ಸಾಮಾನ್ಯವಾಗಿ ಹಿಂದಿನ ವರ್ಷದ ಕಾಂಡದಲ್ಲಿಯೇ ಹೂಮೊಗ್ಗನ್ನು ಸಿದ್ಧಪಡಿಸಿಕೊಂಡಿರುತ್ತದೆ. ಹೂವಿಗೆ ಮುಂಚೆ ಅದನ್ನು ಸವರಿದರೆ ಆ ವರ್ಷದ ಹೂ ಹೋದಂತೆಯೇ ಸರಿ.

ಈಗ ಕ್ರಮವನ್ನು ನೋಡೋಣ. ನಮ್ಮ ಬಯಲುಸೀಮೆಯಲ್ಲಿ ಚಳಿ ಕಳೆದು ಬೆಚ್ಚಗಾಗುವ ಫೆಬ್ರವರಿ ತಿಂಗಳು ಇದಕ್ಕೆ ಅನುಕೂಲವಾದುದು. ಎಡೆಬಿಡದ ಮಳೆಯಲ್ಲಿ ಗಾಯದ ಮೂಲಕ ಶಿಲೀಂಧ್ರ ಸೇರುವ ಭಯವುಂಟು. ಮೊದಲು ಒಣಗಿದ, ರೋಗ ತಗುಲಿದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ತೆಗೆಯತಕ್ಕದ್ದು. ಬಿಳಿಯ ಹಿಟ್ಟುತಿಗಣೆಯು ನೆಲಸುವುದು ಇಂಥ ಕಿಕ್ಕಿರಿದ ಎಡೆಗಳಲ್ಲಿಯೇ. ಅನಂತರ ಅತ್ಯಂತ ಹಳೆಯ ಕಾಂಡಗಳಲ್ಲಿ ಮೂರನೆಯ ಒಂದು ಪಾಲನ್ನು ಮಾತ್ರ ಬುಡದ ಸಮೀಪದಲ್ಲಿ ಕತ್ತರಿಸಬೇಕು. ಉಳಿದವುಗಳ ತುದಿಯನ್ನು, ಹೊರಮುಖವಾದ ಮೊಗ್ಗಿನಿಂದ ಸುಮಾರು ಅರ್ಧ ಸೆಂಟಿಮೀಟರ್ ಮೇಲೆ, ಹರಿತವೂ ಶುಚಿಯೂ ಆದ ಕತ್ತರಿಯಿಂದ ಓರೆಯಾಗಿ ತುಂಡರಿಸಬೇಕು. ಮಿಕ್ಕ ಹಳೆಯ ಕಾಂಡಗಳ ಸರದಿ ಮುಂದಿನ ಎರಡು ವರ್ಷಗಳಲ್ಲಿ.

ಮೂರು ವರ್ಷಗಳ ಈ ತಾಳ್ಮೆ ಏಕೆ? ಹೊಸ ಎಲೆಗಳು ಆಹಾರವನ್ನು ತಯಾರಿಸತೊಡಗುವವರೆಗೆ ಚಿಗುರು ಬದುಕುವುದು ಬೇರು ಕಾಂಡಗಳಲ್ಲಿ ಕೂಡಿಟ್ಟ ಪಿಷ್ಟದಿಂದ. ಬಲವಾದ ಗಿಡವು ಪೂರ್ಣ ಕಡಿತವನ್ನೂ ತಾಳಿಕೊಂಡೀತು. ಸೊರಗಿದ ಹಳೆಯ ಗಿಡವು ಆ ಗಂಟನ್ನು ಕರಗಿಸಿ ಸತ್ತೇಹೋಗಬಹುದು. ಉಳಿಸಿದ ಎಲೆಗಳು ಬೇರನ್ನು ಪೋಷಿಸುತ್ತವೆ. ಕತ್ತರಿಯನ್ನು ಕೈಗೆತ್ತಿಕೊಳ್ಳುವವರು ಯಾವುದನ್ನು ಕಡಿಯಬೇಕೆಂಬುದಕ್ಕಿಂತ ಮುಂಚೆ ಯಾವುದನ್ನು ಉಳಿಸಬೇಕೆಂಬುದನ್ನು ಗೊತ್ತುಮಾಡಿಕೊಳ್ಳುವುದು ಲೇಸು.