ಸಮುದಾಯ ಪೌಷ್ಟಿಕತೆ: ಬೀದರ್‌ನ ಮಕ್ಕಳು ಕಲಿಯಬೇಕಾದ ವಿದ್ಯೆ

ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಎರಡೇ: ಇಂಜಿನಿಯರಿಂಗ್ ಅಥವಾ ನರ್ಸಿಂಗ್. ವಿಜ್ಞಾನ ಓದಿದವರಿಗೆ ಸಮುದಾಯ ಪೌಷ್ಟಿಕತೆ ಎಂಬ ಇನ್ನೊಂದು ದಾರಿಯೂ ಇದೆ. ಜನರ ಆರೋಗ್ಯದ ಕೆಲಸದಲ್ಲಿ ತೊಡಗಬಯಸುವ ಯುವಜನರಿಗಾಗಿ ಅದರ ಕುರಿತು ಕೆಲವು ವಿಷಯಗಳನ್ನು ಇಲ್ಲಿ ತಿಳಿಸಲು ಇಚ್ಛಿಸುತ್ತೇವೆ. ಉದಾಹರಣೆಗೆ ನಾವು ಆರಿಸಿಕೊಂಡದ್ದು ಬೀದರ್ ನಗರ, ಭಾಲ್ಕಿ ಹಾಗೂ ಔರಾದ್. 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಊರುಗಳು ಕರಾವಳಿಯ ಓದುಗರಿಗೆ ದೂರವೆನಿಸಬಹುದು. ಆದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಮೊದಲು ಒಂದು ವ್ಯತ್ಯಾಸವನ್ನು ತಿಳಿಯೋಣ. ಆಸ್ಪತ್ರೆಯ ಡಯಟಿಷಿಯನ್ ಒಬ್ಬ ರೋಗಿಯ ಊಟವನ್ನು ನೋಡುತ್ತಾರೆ. ಸಮುದಾಯ ಪೌಷ್ಟಿಕತೆ ಕಲಿತವರು ಒಂದು ಹಳ್ಳಿಯ ಅಥವಾ ಒಂದು ತಾಲೂಕಿನ ತಟ್ಟೆಯನ್ನು ನೋಡುತ್ತಾರೆ. ಮಕ್ಕಳ ತೂಕ, ಎತ್ತರ ಮತ್ತು ತೋಳಿನ ಸುತ್ತಳತೆಯನ್ನು ಅಳೆಯುವುದು ಅವರ ಕೆಲಸ. 6 ತಿಂಗಳಿನಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂತಹ ಮಗುವಿಗೆ ತಡಮಾಡದೆ ಚಿಕಿತ್ಸೆ ಬೇಕು. ಇನ್ನೊಂದು ಕೆಲಸ ಕೇಳುವುದು. ‘ಊಟ ಆಯಿತೇ?’ ಎಂದರೆ ಎಲ್ಲರೂ ಆಯಿತೆನ್ನುತ್ತಾರೆ. ‘ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದಿರಿ, ಎಷ್ಟು ಬಟ್ಟಲು, ಎಷ್ಟು ರೊಟ್ಟಿ?’ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುವುದೇ ವಿದ್ಯೆ. ಹಾಗೆ ಕೇಳಿದಾಗಲೇ ಮನೆಯಾಕೆ ಎಲ್ಲರ ನಂತರ ಉಂಡಳು, ಅವಳ ಪಾಲಿಗೆ ಬೇಳೆ ಉಳಿದಿರಲಿಲ್ಲ ಎಂಬುದು ಹೊರಬರುತ್ತದೆ.

ಔರಾದ್ ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಯಲ್ಲಿದೆ. ಅಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತುಗಳು ಕೇಳಿಬರುತ್ತವೆ. ಒಂದು ಮನೆಯಲ್ಲಿ ರೊಟ್ಟಿ, ಪಕ್ಕದ ಮನೆಯಲ್ಲಿ ಭಾಕರಿ. ಅದರ ಗಾತ್ರ ನಮ್ಮ ಅಕ್ಕಿ ರೊಟ್ಟಿಯದಲ್ಲ, ತೂಕವೂ ಬೇರೆ. ಬೆಂಗಳೂರಿನಿಂದ ಅಚ್ಚಾದ ಪ್ರಶ್ನಾವಳಿ ಹಿಡಿದು ಬಂದವರಿಗಿಂತ ಆ ನೆಲದಲ್ಲೇ ಬೆಳೆದ ಹುಡುಗಿ ಈ ಕೆಲಸಕ್ಕೆ ಹೆಚ್ಚು ಯೋಗ್ಯಳೆಂದು ನಾವು ನಂಬುತ್ತೇವೆ.

ಊರಿನ ತಟ್ಟೆಯನ್ನು ಅಲ್ಲಿಯೇ ನೋಡಬೇಕೆನ್ನುವುದಕ್ಕೆ ಚರಿತ್ರೆಯಲ್ಲಿ ನಿದರ್ಶನವಿದೆ. ಪೆಲ್ಲಾಗ್ರ ಎಂಬ ಕಾಯಿಲೆಯಲ್ಲಿ ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಒರಟಾಗುತ್ತದೆ, ಭೇದಿಯಾಗುತ್ತದೆ, ಮನಸ್ಸು ಕದಡುತ್ತದೆ. ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಇದಕ್ಕೆ ಕಾರಣ. ಇದು ಮೆಕ್ಕೆಜೋಳ ತಿನ್ನುವವರ ರೋಗವೆಂದು ಜಗತ್ತು ತಿಳಿದಿತ್ತು. ಆದರೆ ಹೈದರಾಬಾದಿನ ಸುತ್ತಣ ದಖ್ಖನ್ ಭಾಗದಲ್ಲಿ ಬಿಳಿಜೋಳವನ್ನೇ ಉಣ್ಣುವ ಬಡವರಲ್ಲಿಯೂ ಇದು ಕಂಡುಬಂತು. ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವೇ ಕಾರಣವಿರಬಹುದೆಂದು 1960ರಲ್ಲಿ ಮಂಡಿಸಿದರು. ಆ ವಿವರಣೆಯ ಕುರಿತು ವಿಜ್ಞಾನಿಗಳಲ್ಲಿ ಚರ್ಚೆ ನಡೆಯಿತು. ರೋಗವೂ ಈಗ ಅಪರೂಪ. ಇದರಿಂದ ಜೋಳ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ರೊಟ್ಟಿಯ ಜೊತೆಗೆ ಬೇಳೆ, ಶೇಂಗಾ, ಹಾಲು, ಸೊಪ್ಪು ಇದ್ದರೆ ಅದು ಉತ್ತಮ ಊಟ. ರೊಟ್ಟಿಯ ಜೊತೆಗೆ ಖಾರ ಮಾತ್ರ ಇದ್ದ ಮನೆಗಳಲ್ಲಿಯೇ ತೊಂದರೆ.

ಎಳ್ಳಮಾವಾಸ್ಯೆಯಂದು ಬೀದರ್ ಸೀಮೆಯ ಹೊಲಗಳಲ್ಲಿ ಉಣ್ಣುವ ಭಜ್ಜಿಯನ್ನು ನೋಡಿದರೆ ಅಲ್ಲಿನವರಿಗೆ ಪೌಷ್ಟಿಕತೆಯ ಪಾಠವನ್ನು ಹೊರಗಿನವರು ಹೇಳಬೇಕೇ ಎನಿಸುತ್ತದೆ. ಹಲವು ಬಗೆಯ ಸೊಪ್ಪು, ಹಸಿಕಾಳು, ತರಕಾರಿ ಎಲ್ಲವೂ ಅದರಲ್ಲಿವೆ. ತೊಗರಿ, ಉದ್ದು, ಹೆಸರು, ಕಡಲೆ ಬೆಳೆಯುವ ನೆಲ ಅದು. ಸೋಯಾ ಅವರೆಯೂ ಹೇರಳ. ಆದರೆ ಅದು ಹೆಚ್ಚಾಗಿ ಎಣ್ಣೆ ಗಿರಣಿಗೆ ಹೋಗುತ್ತದೆ, ಅಡುಗೆಮನೆಗಲ್ಲ. ಹಬ್ಬದ ದಿನದ ತಟ್ಟೆಗೂ ಉಳಿದ ದಿನಗಳ ತಟ್ಟೆಗೂ ಇರುವ ಅಂತರ ಎಷ್ಟು, ಏಕೆ ಎಂಬುದೇ ಈ ಶಾಸ್ತ್ರದ ಪ್ರಶ್ನೆ.

ರಾಜ್ಯದ ಅಂಕಿಅಂಶಗಳು ಸಮಾಧಾನಕರವಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2015-16ರಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 36.2 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. 2019-20ರ ಹೊತ್ತಿಗೆ ಅದು ಶೇ. 35.4. ಅಂದರೆ ಹೆಚ್ಚೇನೂ ಬದಲಾಗಲಿಲ್ಲ. ರಕ್ತಹೀನತೆಯಿರುವ ಮಕ್ಕಳ ಪ್ರಮಾಣ ಶೇ. 60.9ರಿಂದ 65.5ಕ್ಕೆ ಏರಿತು. ಹೆಚ್ಚಿನ ಪಾಲಕರು ಎತ್ತರ ಕಡಿಮೆಯಾದರೆ ‘ಅಪ್ಪನ ಹಾಗೆ ಗಿಡ್ಡ’ ಎಂದು ಸುಮ್ಮನಾಗುತ್ತಾರೆ. ಹೊಟ್ಟೆಯಲ್ಲಿರುವಾಗಲಿಂದ ಎರಡು ವರ್ಷ ತುಂಬುವವರೆಗೆ ಆದ ಈ ನಷ್ಟವನ್ನು ನಂತರ ತುಂಬಿಕೊಡುವುದು ಬಹಳ ಕಷ್ಟ. ಮಗುವಿನ ಕಲಿಕೆಯ ಮೇಲೂ ಅದರ ಪರಿಣಾಮವಿದೆ.

ಅಳತೆಯಿಂದ ಏನಾಗುತ್ತದೆ ಎಂಬುದಕ್ಕೆ ಶಾಲೆಯ ಮೊಟ್ಟೆ ಸಾಕ್ಷಿ. 2021ರ ಡಿಸೆಂಬರ್‌ನಲ್ಲಿ ಬೀದರ್ ಸೇರಿದಂತೆ ಏಳು ಜಿಲ್ಲೆಗಳ 1ರಿಂದ 8ನೇ ತರಗತಿಯ ಮಕ್ಕಳಿಗೆ ಮಧ್ಯಾಹ್ನದ ಊಟದೊಂದಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲಾರಂಭಿಸಿದರು. ಕೆಲವು ಧಾರ್ಮಿಕ ಮುಖಂಡರಿಂದ ಬಲವಾದ ವಿರೋಧ ಬಂತು. ವಾದ ನಡೆಯುತ್ತಿರುವಾಗಲೇ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾನಿಲಯದವರು ಮೊಟ್ಟೆ ಪಡೆಯುತ್ತಿದ್ದ ಯಾದಗಿರಿಯ ಮಕ್ಕಳನ್ನು, ಪಡೆಯದ ಗದಗದ ಮಕ್ಕಳೊಂದಿಗೆ ತೂಗಿ ಅಳೆದು ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. 2022-23ರಲ್ಲಿ ಯೋಜನೆ ರಾಜ್ಯದಾದ್ಯಂತ ವಿಸ್ತರಣೆಯಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಇಂತಹ ವಿವಾದದಲ್ಲಿ ದನಿ ಎತ್ತರಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ತಕ್ಕಡಿ ಹಿಡಿದು ಶಾಲೆಗೆ ಹೋಗುವವರು ಕಡಿಮೆ.

ಇನ್ನು ಓದುವುದೆಲ್ಲಿ? ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯ 1974ರಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜಾಗಿ ಆರಂಭವಾದುದು. ಪಿಯುಸಿ ವಿಜ್ಞಾನದ ನಂತರ ಸಿಇಟಿ ಮೂಲಕ ಪ್ರವೇಶ. ನಾಲ್ಕು ವರ್ಷಗಳ ಪದವಿಯಲ್ಲಿ ಹಳ್ಳಿಯಲ್ಲಿದ್ದು ಮಾಡುವ ಕಾರ್ಯಾನುಭವವೂ ಸೇರಿದೆ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು ಮತ್ತು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪೌಷ್ಟಿಕತೆಯ ವಿಭಾಗಗಳಿವೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯವನ್ನೂ ವಿಚಾರಿಸಬಹುದು.

ಬೀದರ್‌ನವರಿಗೆ ಬೆಂಗಳೂರು ಸುಮಾರು 700 ಕಿ.ಮೀ., ಹೈದರಾಬಾದ್ 150 ಕಿ.ಮೀ.ಯೊಳಗೆ. ಅಲ್ಲಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರಿಂದ ಸಣ್ಣ ಪ್ರಯೋಗಶಾಲೆಯಾಗಿ ಹುಟ್ಟಿ, 1958ರಲ್ಲಿ ಹೈದರಾಬಾದಿಗೆ ಬಂತು. ಅನ್ವಯಿಕ ಪೌಷ್ಟಿಕತೆಯಲ್ಲಿ ಎಂ.ಎಸ್ಸಿ. ಕಲಿಸುವ ಆ ಸಂಸ್ಥೆಯ ಕಡೆಗೆ ಭಾಲ್ಕಿ, ಔರಾದ್‌ನ ಪದವೀಧರರು ಮುಖ ಮಾಡಬೇಕು. ಪದವಿಯ ನಂತರ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆಯುವುದೂ ಒಂದು ಮಾರ್ಗ. ಮಣಿಪಾಲದಲ್ಲಿ ಆ ಸೌಲಭ್ಯವಿದೆ.

ಒಂದು ಎಚ್ಚರಿಕೆ. ಮನೆಯಲ್ಲಿ ಕುಳಿತೇ ಪೌಷ್ಟಿಕತೆಯ ಪದವಿ ಪಡೆಯಿರಿ ಎಂಬ ಜಾಹೀರಾತುಗಳಿಗೆ ಮರುಳಾಗಬೇಡಿ. ಆಹಾರ ಮತ್ತು ಪೌಷ್ಟಿಕತೆಯ ಪದವಿಗಳನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ಮೂಲಕ ನೀಡುವುದನ್ನು 2025ರ ಜುಲೈ-ಆಗಸ್ಟ್ ಪ್ರವೇಶಾವಧಿಯಿಂದ ಯುಜಿಸಿ ನಿಲ್ಲಿಸಿದೆ. ಹಣ ಕಟ್ಟುವ ಮೊದಲು ವಿಚಾರಿಸಿರಿ.

ಉದ್ಯೋಗದ ವಿಷಯದಲ್ಲಿ ನಾವು ಬಣ್ಣ ಹಚ್ಚಿ ಹೇಳಲಾರೆವು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿ ಮೇಲ್ವಿಚಾರಕಿ ಹುದ್ದೆಗಳಿವೆ. ಅಧಿಸೂಚನೆಗಳು ಯಾವಾಗ ಬರುವುವೆಂದು ಹೇಳಲಾಗದು. ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ, ಪೋಷಣ್ ಅಭಿಯಾನದಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ ಸಿಗುವ ಕೆಲಸ ಬಹುಪಾಲು ಗುತ್ತಿಗೆಯದು, ಸಂಬಳವೂ ಸಾಧಾರಣ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಗೃಹವಿಜ್ಞಾನ ತಜ್ಞರ ಹುದ್ದೆಗಳೂ ಇವೆ. ಬೀದರ್‌ನ ಕೇಂದ್ರ ಜನವಾಡದಲ್ಲಿದೆ. ಇಷ್ಟು ತಿಳಿದೂ ಬರುವವರು ಬರಲಿ.

ಬೀದರ್ ಜಿಲ್ಲೆಯವರಿಗೆ ಸಂವಿಧಾನದ 371(ಜೆ) ವಿಧಿಯಡಿ ಪ್ರವೇಶದಲ್ಲಿಯೂ ರಾಜ್ಯ ಸರಕಾರದ ನೇಮಕಾತಿಯಲ್ಲಿಯೂ ಮೀಸಲಾತಿ ಇದೆ. ಕೃಷಿ ಕೋರ್ಸುಗಳಿಗೆ ಕೃಷಿಕರ ಮಕ್ಕಳ ಕೋಟಾ ಪ್ರತ್ಯೇಕ. ಎರಡಕ್ಕೂ ದಾಖಲೆಗಳು ಬೇಕು. 371(ಜೆ) ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಬರಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ. ಇತ್ತೀಚಿನ ವರ್ಷಗಳಲ್ಲಿ ಸಿಇಟಿ ಅರ್ಜಿ ಜನವರಿಯಲ್ಲಿಯೇ ಆರಂಭವಾಗುತ್ತಿದೆ. ಆದುದರಿಂದ ಅಲ್ಲಿ ಸೇವೆಯಲ್ಲಿರುವ ಧರ್ಮಗುರುಗಳು, ಧರ್ಮಭಗಿನಿಯರು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿರುವ ಮಕ್ಕಳನ್ನು ಈಗಲೇ ಗುರುತಿಸಿ, ಕ್ರಿಸ್ಮಸ್‌ಗೆ ಮುಂಚೆ ಈ ಕಾಗದಪತ್ರಗಳನ್ನು ಮಾಡಿಸಿಡುವಂತೆ ಕೋರುತ್ತೇವೆ.