ಹಲ್ಲು ಕಿತ್ತರೆ ಬೆನ್ನುಮೂಳೆಯ ಸಂಧಿವಾತ ಹೋಗುವುದಿಲ್ಲ

ಬೆನ್ನುಮೂಳೆಯ ಸಂಧಿವಾತವಾದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಿಗೆ ಸಿಗುವ ಸಲಹೆಗಳಲ್ಲಿ ನನಗೆ ತೀರಾ ಸಿಟ್ಟು ಬರಿಸುವುದು ಇದು: ಬಾಯಿಯ ಬ್ಯಾಕ್ಟೀರಿಯಾ ಬೆನ್ನಿಗೆ ಇಳಿದಿದೆ, ಹುಳುಕು ಹಲ್ಲು ಕೀಳಿಸಿ, ವಾಸಿಯಾಗುತ್ತದೆ.

ಈ ತಪ್ಪನ್ನು ವೈದ್ಯರೇ ಒಮ್ಮೆ ಮಾಡಿ ಮುಗಿಸಿದ್ದಾರೆ. 1910ರಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡುತ್ತ, ಬಾಯಿಯ ಕೀವೇ ಹಲವು ಕಾಯಿಲೆಗಳ ಮೂಲ ಎಂದರು. ಆಮೇಲೆ ಅಮೆರಿಕ, ಬ್ರಿಟನ್‌ಗಳಲ್ಲಿ ಕೀಲುನೋವಿನವರ ಹಲ್ಲು, ಟಾನ್ಸಿಲ್‌ಗಳನ್ನು ಲೆಕ್ಕವಿಲ್ಲದೆ ಕಿತ್ತರು. ಈ ವಾದವನ್ನು ಮೊದಲು ನಂಬಿದ್ದ ಅಮೆರಿಕದ ವೈದ್ಯ ರಸೆಲ್ ಸೆಸಿಲ್ ಅವರೇ 1938ರಲ್ಲಿ, ರುಮಟಾಯ್ಡ್ ಸಂಧಿವಾತದ 200 ರೋಗಿಗಳನ್ನು ಪರಿಶೀಲಿಸಿ, ಹಲ್ಲು, ಟಾನ್ಸಿಲ್ ಕೀಳುವುದರಿಂದ ಕೀಲುಗಳಿಗೆ ಉಪಯೋಗವಿಲ್ಲ ಎಂದು ಬರೆದರು. ಹೋದ ಹಲ್ಲು ಮಾತ್ರ ಯಾರಿಗೂ ಮರಳಿ ಬರಲಿಲ್ಲ.

ಬಾಯಿಗೂ ಬೆನ್ನಿಗೂ ಸಂಬಂಧವೇ ಇಲ್ಲವೆಂದಲ್ಲ. ಸ್ಪಾಂಡಿಲೈಟಿಸ್ ಇರುವವರಲ್ಲಿ ವಸಡಿನ ರೋಗ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡಿವೆ. ಆದರೆ ಕತ್ತು, ದವಡೆ ಬಿಗಿದವರಿಗೆ ಸರಿಯಾಗಿ ಹಲ್ಲುಜ್ಜುವುದೇ ಕಷ್ಟ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಇದರಿಂದ ತೀರ್ಮಾನವಾಗದು. ವಸಡಿನ ಪೋರ್ಫಿರೋಮೋನಸ್ ಜಿಂಜಿವಾಲಿಸ್ ಬ್ಯಾಕ್ಟೀರಿಯಾ ಪ್ರೋಟೀನ್‌ಗಳ ರೂಪ ಬದಲಿಸುತ್ತದೆ, ದೇಹ ಅವುಗಳ ವಿರುದ್ಧ ತಿರುಗಿಬೀಳುತ್ತದೆ ಎಂಬ ವಿವರಣೆ ಮುಖ್ಯವಾಗಿ ರುಮಟಾಯ್ಡ್‌ನದು. ಅಲ್ಲಿ ಆ ಪ್ರೋಟೀನ್‌ಗಳ ವಿರುದ್ಧ ಸಿಗುವ ಸಿಸಿಪಿ ಪ್ರತಿಕಾಯಗಳು ಸ್ಪಾಂಡಿಲೈಟಿಸ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಬೇರೆ ಕಾಯಿಲೆಗಳನ್ನು ಒಂದೇ ಬುಟ್ಟಿಗೆ ಹಾಕಿ ಔಷಧ ಹೇಳಿದರೆ ಹೇಗೆ? ಬೆನ್ನುಮೂಳೆಯ ವಿಷಯದಲ್ಲಿ ಬಾಯಿಗಿಂತ ಕರುಳಿನ ಕಡೆಗೇ ಹೆಚ್ಚು ಸುಳಿವುಗಳಿವೆ: ಸ್ಪಾಂಡಿಲೈಟಿಸ್ ಜೊತೆ ನಂಟಿರುವ ಎಚ್‌ಎಲ್‌ಎ-ಬಿ27 ಜೀನ್ ಸೇರಿಸಿದ ಇಲಿಗಳನ್ನು ಸೂಕ್ಷ್ಮಾಣುಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದಾಗ ಕರುಳಾಗಲಿ ಕೀಲಾಗಲಿ ಉರಿಯೂತಕ್ಕೆ ತುತ್ತಾಗಲಿಲ್ಲ.

 

ಸಂಶೋಧಕರು ‘ಸಂಬಂಧ ಕಾಣುತ್ತಿದೆ’ ಎಂದದ್ದು ವಾಟ್ಸಾಪ್‌ಗೆ ಬರುವಷ್ಟರಲ್ಲಿ ‘ಕಾರಣ ಸಿಕ್ಕಿತು’ ಎಂದಾಗಿರುತ್ತದೆ, ಓದಿದವರೂ ನಂಬುತ್ತಾರೆ. ಅಷ್ಟರಲ್ಲಿ ಇಪ್ಪತ್ತೈದರ ಹುಡುಗನೊಬ್ಬ, ಮಲಗಿದರೆ ಹೆಚ್ಚಾಗುವ, ಓಡಾಡಿದರೆ ಇಳಿಯುವ ಬೆನ್ನುನೋವಿಗೆ ಹಲ್ಲಿನ ಕುರ್ಚಿಯಲ್ಲಿ ಪರಿಹಾರ ಹುಡುಕುತ್ತ ಚಿಕಿತ್ಸೆಯ ಅಮೂಲ್ಯ ಕಾಲ ಕಳೆದುಕೊಂಡಿರುತ್ತಾನೆ.

ವಸಡಿನಲ್ಲಿ ರಕ್ತ ಬರುತ್ತಿದ್ದರೆ ಹಲ್ಲು ಕ್ಲೀನ್ ಮಾಡಿಸಿ, ಹಲ್ಲಿಗೆ ಅದು ಬೇಕೇ ಬೇಕು. ಬೆನ್ನಿಗೆ ರುಮಟಾಲಜಿಸ್ಟರನ್ನು ಕಾಣಿ. ಈ ಕಾಯಿಲೆಗೆ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಚುಚ್ಚುಮದ್ದು ನಡೆಯುತ್ತಿದ್ದರೆ, ನಿಜವಾಗಿ ಕೆಟ್ಟ ಹಲ್ಲನ್ನು ಕೀಳಿಸುವ ಮುಂಚೆಯೂ ಹಲ್ಲಿನ ವೈದ್ಯರಿಗೂ ರುಮಟಾಲಜಿಸ್ಟರಿಗೂ ತಿಳಿಸಿ; ಆ ಔಷಧ ಸೋಂಕು ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ.